ಯಾವ ಅತ್ತೆ?

ಈ ಕೇಸ್ ನನ್ನ ಮೇಜಿಗೆ ಬಂದಾಗ ಫೈಲಿನ ಎರಡನೇ ಹಾಳೆಯಲ್ಲಿ ಒಂದು ಗೀಟು ಇತ್ತು. ಮಂಡ್ಯ ಕಡೆಯ ಒಂದು ನರ್ಸಿಂಗ್ ಹೋಂನಲ್ಲಿ ತುಂಬಿಸಿದ್ದ ಫಾರಂ ಅದು. ‘ಕುಟುಂಬದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ?’ ಅನ್ನುವ ಪ್ರಶ್ನೆಯ ಮುಂದೆ ಯಾರೋ ‘ಅತ್ತೆ, ಹೊಟ್ಟೆ ಗಡ್ಡೆ’ ಅಂತ ಬರೆದಿದ್ದರು. ಆಮೇಲೆ ಇನ್ನೊಂದು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ ‘ಇಲ್ಲ’ ಅಂತ ಬರೆದಿದ್ದರು. ಗೀಟು ಹೊಡೆದವರ ತಲೆಯಲ್ಲಿ ಏನಿತ್ತು ಅಂತ ಊಹಿಸೋದು ಕಷ್ಟವಲ್ಲ. ಅತ್ತೆ ಅಂದರೆ ಗಂಡನ ತಾಯಿ. ರಕ್ತಸಂಬಂಧ ಅಲ್ಲ. ಲೆಕ್ಕಕ್ಕಿಲ್ಲ.

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲರ್. ಕೆಲಸ ಏನು ಅಂತ ಕೇಳಿದರೆ, ಡಾಕ್ಟರುಗಳು ಗಡ್ಡೆ ನೋಡುತ್ತಾರೆ, ನಾನು ಮನೆತನ ನೋಡುತ್ತೇನೆ ಅಂತ ಹೇಳುತ್ತೇನೆ. ಈ ಮನೆಯವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ 39 ವರ್ಷ. ಊರು ಮದ್ದೂರಿನ ಹತ್ತಿರ. ಎಡ ಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ ಗಟ್ಟಿ ಗಂಟು. ಮೊದಲು ತೋರಿಸಿದ ಕಡೆ ‘ಕೊಬ್ಬಿನ ಗಡ್ಡೆ, ಏನೂ ಆಗಲ್ಲ’ ಅಂದಿದ್ದರಂತೆ. ಸ್ಕ್ಯಾನ್ ಕೂಡ ಮಾಡಿಸಿರಲಿಲ್ಲ. ಐದು ತಿಂಗಳು ಹಾಗೇ ಹೋಯಿತು. ಮೈಸೂರಿಗೆ ಬರುವ ಹೊತ್ತಿಗೆ ಗಂಟು 3.2 ಸೆಂಟಿಮೀಟರ್ ಆಗಿತ್ತು. ಬಯಾಪ್ಸಿ ರಿಪೋರ್ಟ್: ಡಕ್ಟಲ್ ಕಾರ್ಸಿನೋಮ, ಅಂದರೆ ಹಾಲಿನ ನಾಳದ ಕ್ಯಾನ್ಸರ್. ಗ್ರೇಡ್ 3, ಬೇಗ ಬೆಳೆಯುವ ಬಗೆ. ಹಾರ್ಮೋನು ಹಿಡಿಯುವ ಈಸ್ಟ್ರೋಜನ್ ರಿಸೆಪ್ಟರ್ ಇಲ್ಲ, ಪ್ರೊಜೆಸ್ಟರಾನ್ ರಿಸೆಪ್ಟರ್ ಇಲ್ಲ, ಹರ್2 ಅನ್ನುವ ಪ್ರೋಟೀನೂ ಇಲ್ಲ. ಮೂರೂ ಇಲ್ಲದ್ದಕ್ಕೇ ಟ್ರಿಪಲ್ ನೆಗೆಟಿವ್ ಅನ್ನುವುದು.

40 ದಾಟದ ಹೆಂಗಸಿಗೆ ಟ್ರಿಪಲ್ ನೆಗೆಟಿವ್ ಬಂದರೆ ಮನೆಯಲ್ಲಿ ಯಾರಿಗೂ ಏನೂ ಇರದಿದ್ದರೂ ಜೀನ್ ಟೆಸ್ಟ್ ಮಾಡಿಸಲೇಬೇಕು. ಅದಕ್ಕೇ ಆ ಫಾರಂನ ಗೀಟಿನಿಂದ ಆಕೆಯ ಟೆಸ್ಟ್ ತಪ್ಪಿಹೋಗುತ್ತಿತ್ತು ಅಂತ ನಾನು ಹೇಳಲ್ಲ. ಟೆಸ್ಟ್ ಹೇಗೂ ಆಗುತ್ತಿತ್ತು. ಆಮೇಲೆ ಯಾರ ಮನೆಗೆ ಫೋನ್ ಮಾಡಬೇಕು ಅನ್ನುವುದು ಮಾತ್ರ ಆ ಗೀಟಿನಡಿ ಸಿಕ್ಕಿಕೊಂಡಿತ್ತು.

ಮೊದಲ ಭೇಟಿಗೆ ಆಕೆ, ಗಂಡ, ಅಪ್ಪ, ಅಮ್ಮ ನಾಲ್ಕೂ ಜನ ಬಂದರು. ಅಪ್ಪನಿಗೆ 71. ವಿ.ಸಿ. ನಾಲೆಯ ಕೊನೆ ಭಾಗದಲ್ಲಿ ಎರಡೂವರೆ ಎಕರೆ ಕಬ್ಬು. ನಾನು ಬಿಳಿ ಹಾಳೆ ತೆಗೆದು ವಂಶವೃಕ್ಷ ಬರೆಯೋಕೆ ಕೂತೆ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ತೀರಿಕೊಂಡವರಿಗೆ ಅಡ್ಡಗೀಟು. ಅಮ್ಮನ ಕಡೆ ಮುಗಿಯಿತು, ಯಾರಿಗೂ ಏನಿಲ್ಲ. ಆಮೇಲೆ ಫಾರಂ ತೋರಿಸಿ ಕೇಳಿದೆ. ಇಲ್ಲಿ ಹೊಡೆದುಹಾಕಿದಾರಲ್ಲ, ಇದು ಯಾವ ಅತ್ತೆ?

‘ನಮ್ಮತ್ತೆ ಮೇಡಂ. ಇವರ ತಾಯಿ’ ಅಂತ ಆಕೆ ಗಂಡನ ಕಡೆ ಕೈ ತೋರಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಗೀಟು ಹೊಡೆಯುತ್ತಿದ್ದೆ. ಆದರೆ ನಮ್ಮ ಕಡೆ ಇನ್ನೊಂದು ಪ್ರಶ್ನೆ ಕೇಳದೆ ಮುಂದೆ ಹೋಗಬಾರದು. ‘ಸೋದರಿಕೆಯಲ್ಲಿ ಮದುವೆನಾ?’

‘ಹೌದು. ನಮ್ಮಪ್ಪನ ಅಕ್ಕನ ಮಗ.’

ಅಂದರೆ ಗಂಡನ ತಾಯಿಯೂ ಅವರೇ, ಸೋದರತ್ತೆಯೂ ಅವರೇ. ಕನ್ನಡ ಎರಡಕ್ಕೂ ಒಂದೇ ಪದ ಇಟ್ಟಿದೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬರೇ ಆಗಿರುತ್ತಿದ್ದರು. ಹೊಟ್ಟೆ ಊದಿ, ನೀರು ತುಂಬಿ, 51ನೇ ವಯಸ್ಸಿಗೆ ತೀರಿಕೊಂಡಿದ್ದರು. ಹಳೇ ಕಾಗದ ಹುಡುಕಿ ತರಿಸಿದಾಗ ಗೊತ್ತಾಯಿತು, ಅದು ಅಂಡಾಶಯದ ಕ್ಯಾನ್ಸರ್. ಮನೆಯವರು ಹೊಟ್ಟೆ ಗಡ್ಡೆ ಅಂದದ್ದರಲ್ಲಿ ತಪ್ಪೇನಿಲ್ಲ. ಸ್ತನಕ್ಕೂ ಹೊಟ್ಟೆಗೂ ಸಂಬಂಧ ಇದೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ?

ರಕ್ತ ಕೊಟ್ಟು ನಾಲ್ಕು ವಾರಕ್ಕೆ ರಿಪೋರ್ಟ್ ಬಂತು. ಬಿಆರ್‌ಸಿಎ1 ಜೀನ್‌ನಲ್ಲಿ ದೋಷ. ಸ್ತನ, ಅಂಡಾಶಯ ಎರಡರ ಕ್ಯಾನ್ಸರಿಗೂ ದಾರಿ ಮಾಡಿಕೊಡುವಂಥದ್ದು. ಹಳೇ ಹೆಸರು 185ಡೆಲ್‌ಎಜಿ. ಎ ಮತ್ತು ಜಿ ಅನ್ನುವ ಎರಡು ಅಕ್ಷರ ಬಿಟ್ಟುಹೋಗಿವೆ ಅಂತ ಅರ್ಥ. ಯಹೂದಿಗಳ ಒಂದು ಪಂಗಡದಲ್ಲಿ ತುಂಬ ಹೆಸರಾದ ದೋಷ ಇದು. ದಕ್ಷಿಣ ಭಾರತದ ಹಲವು ಕುಟುಂಬಗಳಲ್ಲೂ ಸಿಕ್ಕಿದೆ.

ಎರಡೇ ಅಕ್ಷರ ಹೋದರೆ ಏನಾಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಜೀನ್ ಅನ್ನು ಕೋಶ ಮೂರು ಮೂರು ಅಕ್ಷರವಾಗಿ ಓದುತ್ತದೆ. ಅವರಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ: ಬಸವ ಹಸಿದು ಮನೆಗೆ ಬಂದನು. ಒಂದೊಂದು ಪದಕ್ಕೂ ಮೂರು ಅಕ್ಷರ. ಈಗ ‘ಹಸಿದು’ವಿನಲ್ಲಿ ಕೊನೆಯ ಎರಡು ಅಕ್ಷರ ಅಳಿಸಿ, ಮತ್ತೆ ಮೂರು ಮೂರಾಗಿ ಓದಿ: ಬಸವ ಹಮನೆ ಗೆಬಂದ ನು. ಅಳಿಸಿದ್ದು ಒಂದು ಪದದಲ್ಲಿ, ಕೆಟ್ಟದ್ದು ಮುಂದಿನದೆಲ್ಲ. ಬಿಆರ್‌ಸಿಎ1 ಜೀನ್ ಓದಿ ಕೋಶ ಕಟ್ಟುವ ಪ್ರೋಟೀನ್ ಸರಪಳಿಯಲ್ಲಿ 1863 ಕೊಂಡಿಗಳಿರಬೇಕು. ಈ ದೋಷ ಇದ್ದರೆ 39ನೇ ಕೊಂಡಿಯ ಜಾಗದಲ್ಲೇ ‘ನಿಲ್ಲಿಸು’ ಅನ್ನುವ ಸೂಚನೆ ಬಂದುಬಿಡುತ್ತದೆ. ಮುಂದಿನದು ತಯಾರಾಗುವುದೇ ಇಲ್ಲ.

ಆದರೆ ಇಷ್ಟರಿಂದಲೇ ಕ್ಯಾನ್ಸರ್ ಬರಲ್ಲ. ಈ ಮಾತನ್ನು ನಾನು ದಿನಕ್ಕೆ ಮೂರು ಸಲವಾದರೂ ಹೇಳುತ್ತೇನೆ. ನಮ್ಮಲ್ಲಿ ಕ್ರೋಮೋಸೋಮ್‌ಗಳು, ಪಠ್ಯಪುಸ್ತಕದ ವರ್ಣತಂತುಗಳು, 23 ಜೊತೆ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಬಿಆರ್‌ಸಿಎ1 ಇರುವುದು 17ನೇ ಕ್ರೋಮೋಸೋಮ್‌ನ ಉದ್ದ ತೋಳಿನಲ್ಲಿ. ಹಾಗಾಗಿ ಅದಕ್ಕೆ ಎರಡು ಪ್ರತಿ. ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ.

ಅಪ್ಪನಿಗೆ ಇದನ್ನು ಹೇಳುವಾಗ ನೀರುಗಂಟಿಯ ಮಾತು ತಾನಾಗೇ ಬಂತು. ನಾಲೆ ಏರಿ ಒಡೆದರೆ ನೋಡಿ ಸರಿಮಾಡೋಕೆ ಇಬ್ಬರು ನೀರುಗಂಟಿಗಳು ಇದ್ದಾರೆ ಅಂದುಕೊಳ್ಳಿ. ಒಬ್ಬ ಹೆಸರಿಗೆ ಮಾತ್ರ, ಕೆಲಸಕ್ಕೆ ಬರುವುದೇ ಇಲ್ಲ. ಇನ್ನೊಬ್ಬ ಇರೋವರೆಗೆ ಊರಿಗೆ ಅದು ಗೊತ್ತೇ ಆಗಲ್ಲ. ಅವನೂ ಹೋದ ದಿನ ಏರಿ ಒಡೆದರೆ ಕೇಳುವವರಿಲ್ಲ. ಬಿಆರ್‌ಸಿಎ1 ಕೆಲಸವೂ ಅದೇ. ಡಿಎನ್‌ಎ ಎಳೆಗಳೆರಡೂ ತುಂಡಾದಾಗ ತಪ್ಪಿಲ್ಲದೆ ಜೋಡಿಸುವ ತಂಡದಲ್ಲಿ ಅದೊಂದು ಮುಖ್ಯ ಆಳು. ಇಂಥವನ್ನೇ ಟ್ಯೂಮರ್ ಸಪ್ರೆಸರ್ ಅನ್ನುತ್ತಾರೆ. ಗಡ್ಡೆಯಾಗದ ಹಾಗೆ ಕಾಯುವ ಜೀನ್‌ಗಳು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, ‘ಅಂಗಾರೆ ನನ್ನೊಳ್ಗೂ ಒಬ್ನೇ ನೀರ್ಗಂಟಿನಾ ಕಣವ್ವ? ಎಪ್ಪತ್ತೊಂದು ವರ್ಸ ಒಬ್ನೇ ಗೇಯ್ದವ್ನಾ?’

ಅವರ ಟೆಸ್ಟ್ ಇನ್ನೂ ಆಗಿರಲಿಲ್ಲ. ಅವರಿಗೆ ಆಗಲೇ ಗೊತ್ತಾಗಿತ್ತು.

ಇಲ್ಲಿ ಸ್ವಲ್ಪ ಹಳೇ ಕತೆ ಹೇಳಬೇಕು, ಇಲ್ಲದಿದ್ದರೆ ಮುಂದಿನ ಲೆಕ್ಕ ರುಚಿಸಲ್ಲ. ಕ್ರೋಮೋಸೋಮ್ ಏರುಪೇರಾದರೆ ಗಡ್ಡೆಯಾಗುತ್ತೆ, ಬೆಳವಣಿಗೆ ತಡೆಯುವಂಥದ್ದು ಕಳೆದುಹೋಗಿರಬಹುದು ಅಂತ ಜರ್ಮನಿಯ ಥಿಯೋಡರ್ ಬೊವೆರಿ 1914ರಲ್ಲೇ ಬರೆದಿದ್ದರು. ಅವರು ನೋಡಿದ್ದು ಸಮುದ್ರದ ಜೀವಿಯ ಮೊಟ್ಟೆಗಳನ್ನು, ಗಡ್ಡೆಗಳನ್ನಲ್ಲ. ಆಮೇಲೆ 1971ರಲ್ಲಿ ಅಮೆರಿಕದ ಆಲ್ಫ್ರೆಡ್ ನೂಡ್ಸನ್ ಕಣ್ಣಿನ ಕ್ಯಾನ್ಸರ್ ಇದ್ದ 48 ಮಕ್ಕಳ ದಾಖಲೆ ಹಿಡಿದು ಕೂತರು. ಮನೆತನದಲ್ಲಿ ಕಾಯಿಲೆ ಇದ್ದ ಮಕ್ಕಳಿಗೆ ಬೇಗ ಬರುತ್ತೆ, ಹೆಚ್ಚಾಗಿ ಎರಡೂ ಕಣ್ಣಿಗೆ. ಉಳಿದವರಿಗೆ ತಡವಾಗಿ, ಒಂದೇ ಕಣ್ಣಿಗೆ. ಲೆಕ್ಕ ಹಾಕಿ ಹೇಳಿದರು, ಎರಡು ಏಟು ಬೇಕು. ಮನೆತನದವರು ಒಂದು ಏಟು ತಿಂದೇ ಹುಟ್ಟುತ್ತಾರೆ. ಆಗ ಜೀನ್ ಯಾವುದು ಅಂತಲೂ ಗೊತ್ತಿರಲಿಲ್ಲ. ಬರೀ ವಯಸ್ಸು ಮತ್ತು ಎಣಿಕೆ ಇಟ್ಟುಕೊಂಡು ಇಷ್ಟು ಕಂಡುಹಿಡಿದರಲ್ಲ ಅಂತ ನನಗೆ ಈಗಲೂ ಬೆರಗು. 1983ರಲ್ಲಿ ಆ ಗಡ್ಡೆಗಳಲ್ಲಿ 13ನೇ ಕ್ರೋಮೋಸೋಮ್‌ನ ಒಂದು ಪ್ರತಿ ನಿಜವಾಗಿಯೂ ಕಳೆದುಹೋಗಿರುವುದು ಕಂಡಿತು.

ಸ್ತನ ಕ್ಯಾನ್ಸರಿನಲ್ಲಿ ಈ ದಾರಿ ತೆರೆದವರು ಮೇರಿ ಕ್ಲೇರ್ ಕಿಂಗ್. 23 ದೊಡ್ಡ ಕುಟುಂಬಗಳು, ಅವುಗಳಲ್ಲಿ 146 ಸ್ತನ ಕ್ಯಾನ್ಸರ್ ರೋಗಿಗಳು. 1990ರಲ್ಲಿ ಅವರ ತಂಡ 17ನೇ ಕ್ರೋಮೋಸೋಮ್ ಮೇಲೆ ಬೆರಳಿಟ್ಟಿತು. ಜೀನ್ ಕೈಗೆ ಸಿಕ್ಕಿದ್ದು 1994ರಲ್ಲಿ. ಅದಕ್ಕೂ ಮೊದಲೇ, 1992ರಲ್ಲಿ, ಇಂಥ ಕುಟುಂಬಗಳ ಗಡ್ಡೆಗಳಲ್ಲಿ 17ರ ತುಂಡು ಕಳೆದುಹೋದಾಗ ಹೋಗುವುದು ಒಳ್ಳೆಯ ಪ್ರತಿಯೇ, ಕೆಟ್ಟದ್ದಲ್ಲ ಅನ್ನುವುದು ತಿಳಿದಿತ್ತು. ಜೀನ್ ಸಿಕ್ಕಾಗ ಎಲ್ಲ ಸ್ತನ ಕ್ಯಾನ್ಸರಿನಲ್ಲೂ ಇದು ಕೆಟ್ಟಿರುತ್ತೆ ಅಂತ ತುಂಬ ಜನ ಕಾದಿದ್ದರು. ಹಾಗಾಗಲಿಲ್ಲ. ಮನೆತನದ್ದಲ್ಲದ ಗಡ್ಡೆಗಳಲ್ಲಿ ಈ ಜೀನ್‌ನ ಅಕ್ಷರ ಕೆಟ್ಟಿರುವುದು ಅಪರೂಪ. ನೂರು ಸ್ತನ ಕ್ಯಾನ್ಸರಿನಲ್ಲಿ ಐದರಿಂದ ಹತ್ತು ಮಾತ್ರ ಮನೆತನದಿಂದ ಬರುವಂಥವು.

ನಮ್ಮ ಕೇಸಿಗೆ ಬರೋಣ. ನಮ್ಮ ಪೆಥಾಲಜಿ ಡಾಕ್ಟರಿಗೆ ಒಂದು ಒಳ್ಳೇ ಅಭ್ಯಾಸ ಇದೆ, ಸ್ಲೈಡ್ ಚೆನ್ನಾಗಿದ್ದರೆ ಕರೆದು ತೋರಿಸುತ್ತಾರೆ. ಆವತ್ತು ಟ್ರೇಯಲ್ಲಿ ಎರಡು ಸ್ಲೈಡ್ ಪಕ್ಕಪಕ್ಕ ಇದ್ದವು. ಒಂದು ಇನ್ಯಾರೋ 68 ವರ್ಷದ ಅಜ್ಜಿಯದು. ಲಾಬ್ಯುಲರ್ ಕ್ಯಾನ್ಸರ್, ಸ್ತನ ಕ್ಯಾನ್ಸರಿನದೇ ಇನ್ನೊಂದು ಬಗೆ. ಅದರಲ್ಲಿ ಕೋಶಗಳು ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ ಹೊರಟಿದ್ದವು. 16ನೇ ಕ್ರೋಮೋಸೋಮ್‌ನ ಉದ್ದ ತೋಳು ಹೋದಾಗ ಅದರ ಜೊತೆ ಸಿಡಿಎಚ್1 ಅನ್ನುವ ಜೀನ್ ಕೂಡ ಹೋಗುತ್ತದೆ. ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನ್ ಅದರಿಂದಲೇ ಆಗುವುದು. ಇನ್ನೊಂದು ಪ್ರತಿಯೂ ಕೆಟ್ಟರೆ ಅಂಟು ಬಿಡುತ್ತೆ. ಇರುವೆ ಸಾಲು ಅದಕ್ಕೇ. ಯಾವ ಕ್ರೋಮೋಸೋಮ್ ಕಳೆಯಿತು ಅನ್ನುವುದು ಹೀಗೆ ಕಣ್ಣಿಗೇ ಕಾಣೋದು ದಿನಾ ಸಿಗುವ ಭಾಗ್ಯವಲ್ಲ.

ಮದ್ದೂರಿನ ಆಕೆಯ ಸ್ಲೈಡ್ ಪೂರ್ತಿ ಬೇರೆ. ಕೋಶಗಳು ಗುಂಪುಗುಂಪಾಗಿ ಒತ್ತಿಕೊಂಡಿವೆ. ಸುತ್ತ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳ ದಂಡು, ನೀಲಿ ಸಾಸಿವೆ ಚೆಲ್ಲಿದ ಹಾಗೆ. ಎಲ್ಲಿ ನೋಡಿದರೂ ಇಬ್ಭಾಗವಾಗುತ್ತಿರುವ ಕೋಶಗಳು. ಡಾಕ್ಟರ್ ಒಂದು ಕಡೆ ನಿಲ್ಲಿಸಿ, ‘ಇಲ್ಲಿ ನೋಡು’ ಅಂದರು. ಒಂದು ಕೋಶ ಒಡೆಯುತ್ತಿದೆ. ಕ್ರೋಮೋಸೋಮ್‌ಗಳ ಎರಡು ಗುಂಪು ಎರಡು ಕಡೆ ಸರಿದಿವೆ. ನಡುವೆ ಒಂದು ಸಣ್ಣ ಕಪ್ಪು ತುಣುಕು ಹಿಂದೆ ಉಳಿದುಬಿಟ್ಟಿದೆ. ಅಣ್ಣತಮ್ಮಂದಿರ ಪಾಲಿನಲ್ಲಿ ಯಾರ ಭಾಗಕ್ಕೂ ಸೇರದ ತುಂಡು ಜಮೀನಿನ ಹಾಗೆ. ಕ್ರೋಮೋಸೋಮ್ ಕಳೆದುಹೋಗುವುದು ಹೀಗೇ. ಅದು 17ನೆಯದೇ ಅಂತ ಹೇಳಲು ಬರಲ್ಲ, ಮೈಕ್ರೋಸ್ಕೋಪಿನಡಿ ಎಲ್ಲವೂ ಕಪ್ಪು ಚುಕ್ಕೆಯೇ.

17ನೆಯದು ಹೋಗಿದೆ ಅಂತ ಹೇಳಿದ್ದು ಗಡ್ಡೆಯ ಡಿಎನ್‌ಎ ರಿಪೋರ್ಟ್. ಗಡ್ಡೆಯ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಿಂದ ಚೂರು ಕತ್ತರಿಸಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದೆವು. ಕಳಿಸುವಾಗ ಆ ಚೂರಿನಲ್ಲಿ ಎಷ್ಟು ಪಾಲು ಕ್ಯಾನ್ಸರ್ ಕೋಶ ಇದೆ ಅಂತ ಬರೆಯಬೇಕು. ಡಾಕ್ಟರ್ ಕಣ್ಣಳತೆಯಲ್ಲೇ ನೋಡಿ ‘60 ಹಾಕು’ ಅಂದಿದ್ದರು. ಉಳಿದ 40 ಲಿಂಫೋಸೈಟು, ನಾರು, ರಕ್ತನಾಳ, ಅಂದರೆ ಆಕೆಯದೇ ಒಳ್ಳೆಯ ಕೋಶಗಳು.

ರಕ್ತದಲ್ಲಿ ಬಿಆರ್‌ಸಿಎ1ನ ಕೆಟ್ಟ ಪ್ರತಿಯ ಪಾಲು ಶೇಕಡಾ 49 ಇತ್ತು. ಸರಿ, ಎರಡರಲ್ಲಿ ಒಂದು. ಗಡ್ಡೆಯಲ್ಲಿ ಶೇಕಡಾ 71. ಯಾಕೆ 71? ನೂರು ಕೋಶ ತೆಗೆದುಕೊಳ್ಳಿ. 40 ಒಳ್ಳೆಯ ಕೋಶಗಳಲ್ಲಿ ಒಂದೊಂದಕ್ಕೂ ಒಂದು ಒಳ್ಳೆಯ ಪ್ರತಿ, ಒಂದು ಕೆಟ್ಟ ಪ್ರತಿ. ಅಲ್ಲಿಗೆ 40 ಒಳ್ಳೆಯದು, 40 ಕೆಟ್ಟದ್ದು. ಉಳಿದ 60 ಕ್ಯಾನ್ಸರ್ ಕೋಶಗಳು ಒಳ್ಳೆಯ ಪ್ರತಿಯನ್ನು ಕಳೆದುಕೊಂಡಿದ್ದರೆ ಅವುಗಳಲ್ಲಿ ಇರುವುದು ತಲಾ ಒಂದೇ, ಕೆಟ್ಟದ್ದು. ಅಲ್ಲಿಗೆ ಇನ್ನೂ 60. ಒಟ್ಟು ಪ್ರತಿ 140, ಕೆಟ್ಟದ್ದು 100. ಭಾಗಿಸಿದರೆ 71.

ನಾನು ಕ್ಯಾಲ್ಕುಲೇಟರ್ ಕೆಳಗಿಟ್ಟು ಡಾಕ್ಟರಿಗೆ ಫೋನ್ ಮಾಡಿದೆ, ನಿಮ್ಮ 60 ಸರಿಯಾಗಿತ್ತು ಅಂತ. ಅವರು ‘ಗೊತ್ತು’ ಅಂದರು. ಅಷ್ಟೇ.

ರಿಪೋರ್ಟಿನಲ್ಲಿ ಇನ್ನೊಂದು ಸಾಲು ಇತ್ತು. ಟಿಪಿ53 ಜೀನ್‌ನಲ್ಲೂ ದೋಷ, ಪಾಲು ಶೇಕಡಾ 43. ರಕ್ತದಲ್ಲಿ ಇದು ಇಲ್ಲವೇ ಇಲ್ಲ. ಅಂದರೆ ಹುಟ್ಟಿನಿಂದ ಬಂದದ್ದಲ್ಲ, ಗಡ್ಡೆಯಲ್ಲೇ ಆದದ್ದು. ಟಿಪಿ53 ಕೂಡ ಕಾವಲು ಜೀನ್, ಬಹುಶಃ ಎಲ್ಲಕ್ಕಿಂತ ಹೆಸರುವಾಸಿ. ಇರುವುದು ಅದೇ 17ನೇ ಕ್ರೋಮೋಸೋಮ್‌ನಲ್ಲಿ, ಆದರೆ ಗಿಡ್ಡ ತೋಳಿನಲ್ಲಿ. ಮತ್ತೆ ಅದೇ ಲೆಕ್ಕ. 60 ಕೋಶಗಳಲ್ಲಿ ತಲಾ ಒಂದೇ ಪ್ರತಿ, ಅದೂ ಕೆಟ್ಟದ್ದು. 140ರಲ್ಲಿ 60 ಅಂದರೆ 43. ಎರಡೂ ತೋಳಿನ ಲೆಕ್ಕ ಒಂದೇ ಕತೆ ಹೇಳುತ್ತಿತ್ತು. ತುಂಡಲ್ಲ, ಇಡೀ 17ನೇ ಕ್ರೋಮೋಸೋಮ್ ಒಂದು ಹೋಗಿದೆ. ಅಮ್ಮನಿಂದ ಬಂದ ಒಳ್ಳೆಯದು.

ಒಂದೇ ಏಟಿಗೆ ಎರಡು ಹಕ್ಕಿ. ಅಪ್ಪನಿಂದ ಬಂದ 17ರಲ್ಲಿ ಬಿಆರ್‌ಸಿಎ1 ಮೊದಲೇ ಕೆಟ್ಟಿತ್ತು, ಟಿಪಿ53 ಆಮೇಲೆ ಕೆಟ್ಟಿತು. ಅಮ್ಮನ 17 ಪೂರ್ತಿ ಹೋಯಿತು, ಎರಡು ಕಾವಲುಗಾರರನ್ನೂ ಕರೆದುಕೊಂಡೇ. ಬಿಆರ್‌ಸಿಎ1 ಗಡ್ಡೆಗಳಲ್ಲಿ ಟಿಪಿ53 ಕೂಡ ಕೆಟ್ಟಿರುವುದು ತುಂಬ ಜಾಸ್ತಿ. ಸುಮ್ನೆ ಅಲ್ಲ ಅದು. ಡಿಎನ್‌ಎ ಜೋಡಿಸಲಾಗದ ಕೋಶವನ್ನು ಟಿಪಿ53 ಬದುಕಲು ಬಿಡಲ್ಲ. ಅದು ಇಲ್ಲದಿದ್ದರೆ ಮಾತ್ರ ಅಂಥ ಕೋಶ ಬೆಳೆಯುತ್ತೆ.

17ನೇ ಕ್ರೋಮೋಸೋಮ್‌ನಲ್ಲಿ ಸುಮಾರು 8 ಕೋಟಿ ಅಕ್ಷರಗಳಿವೆ. ಹುಟ್ಟುವಾಗ ಕಳೆದಿದ್ದು 2. ಆ ಒಂದು ಕೋಶದಲ್ಲಿ ಒಂದು ದಿನ ಕಳೆದಿದ್ದು 8 ಕೋಟಿ.

ಚಿಕಿತ್ಸೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಕೀಮೋ, ಅದರಲ್ಲಿ ಕಾರ್ಬೋಪ್ಲಾಟಿನ್ ಸೇರಿಸಿ. ಇಮ್ಯುನೊಥೆರಪಿ ಮಾತು ಬಂತು, ದುಡ್ಡು ಹೊಂದಲಿಲ್ಲ. ಆಪರೇಷನ್ ಆದಾಗ 6 ಮಿಲಿಮೀಟರಿನಷ್ಟು ಗಡ್ಡೆ ಉಳಿದಿತ್ತು. ಉಳಿದದ್ದಕ್ಕಾಗಿ ಒಂದು ವರ್ಷ ಒಲಾಪರಿಬ್ ಮಾತ್ರೆ.

ಈ ಮಾತ್ರೆಯ ತರ್ಕ ಮಾತ್ರ ಬಿಡಿಸಿ ಹೇಳಬೇಕು, ಕಳೆದುಹೋದ ಕ್ರೋಮೋಸೋಮ್ ಇಲ್ಲಿ ಮತ್ತೆ ಬರುತ್ತೆ. ಡಿಎನ್‌ಎಯ ಒಂದೇ ಎಳೆ ತುಂಡಾದಾಗ ಸರಿಮಾಡುವುದು ಪಾರ್ಪ್ ಅನ್ನುವ ಇನ್ನೊಂದು ಗುಂಪು. ಒಲಾಪರಿಬ್ ಆ ಗುಂಪನ್ನು ಕಟ್ಟಿಹಾಕುತ್ತದೆ. ಆಗ ಸಣ್ಣ ತುಂಡುಗಳು ದೊಡ್ಡ ತುಂಡುಗಳಾಗುತ್ತವೆ, ಅವನ್ನು ಜೋಡಿಸಲು ಬಿಆರ್‌ಸಿಎ1 ಬೇಕು. ಆಕೆಯ ಮೈಯ ಒಳ್ಳೆಯ ಕೋಶಗಳಲ್ಲಿ ಒಂದು ಪ್ರತಿ ಇದೆ, ಹೇಗೋ ನಡೆಯುತ್ತೆ. ಕ್ಯಾನ್ಸರ್ ಕೋಶದಲ್ಲಿ ಒಂದೂ ಇಲ್ಲ. ಸಾಯುತ್ತೆ. 2005ರಲ್ಲಿ ಎರಡು ತಂಡಗಳು ಇದನ್ನು ಒಟ್ಟಿಗೇ ತೋರಿಸಿಕೊಟ್ಟವು. ಆ 71 ನೋಡಿ ನನಗೆ ಖುಷಿಯಾದದ್ದು ಇದಕ್ಕೇ. ಗಡ್ಡೆ ಯಾವುದನ್ನು ಕಳೆದುಕೊಂಡು ಹುಟ್ಟಿತೋ ಅಲ್ಲೇ ಅದಕ್ಕೆ ಪೆಟ್ಟು ಬೀಳುವುದು. ಮಾತ್ರೆಗೆ ಹಿಮೋಗ್ಲೋಬಿನ್ ಇಳಿದು ಒಂದು ಸಲ ರಕ್ತ ಹಾಕಿಸಬೇಕಾಯಿತು, ಡೋಸ್ ಕಡಿಮೆ ಮಾಡಿದರು. ವರ್ಷ ಮುಗಿಸಿದ್ದಾರೆ.

ಈಗ ಫೋನ್ ಮಾಡುವ ಕೆಲಸ.

ರಿಪೋರ್ಟ್ ಬಂದ ಮೇಲೆ ನನಗಿಂತ ಮೊದಲೇ ಊರಲ್ಲಿ ಸುದ್ದಿ ಓಡಾಡಿತ್ತು. ‘ವಂಶದ ಕಾಯಿಲೆ’ ಅಂದ ಕೂಡಲೇ ಎಲ್ಲರೂ ಅಮ್ಮನ ಕಡೆ ತಿರುಗಿದರು. ಸ್ತನದ ಕಾಯಿಲೆ ಅಲ್ವಾ, ಹೆಂಗಸಿನಿಂದ ಹೆಂಗಸಿಗೇ ತಾನೇ? ಅಮ್ಮನ ಇಬ್ಬರು ತಂಗಿಯರು ಹೆದರಿ ಮ್ಯಾಮೋಗ್ರಾಂ ಮಾಡಿಸಿಕೊಂಡಿದ್ದರು. ಹೆದರಬೇಕಾದ ಅಗತ್ಯವೇ ಇಲ್ಲದವರು. 17ನೇ ಕ್ರೋಮೋಸೋಮ್ ಗಂಡಸಿನಲ್ಲೂ ಎರಡು, ಹೆಂಗಸಿನಲ್ಲೂ ಎರಡು. ಅಪ್ಪನಿಂದ ಬರುವ ಸಾಧ್ಯತೆ ಅರ್ಧ, ಅಮ್ಮನಿಂದ ಬರುವುದೂ ಅರ್ಧ. ಅಪ್ಪಂದಿರಿಗೆ ಅಂಡಾಶಯ ಇಲ್ಲ, ಸ್ತನ ಕ್ಯಾನ್ಸರ್ ಅವರಿಗೆ ಬರುವುದೂ ಕಡಿಮೆ. ಹಾಗಾಗಿ ಜೀನ್ ಅವರಲ್ಲಿ ಸದ್ದಿಲ್ಲದೆ ದಾಟಿಹೋಗುತ್ತೆ, ಅಷ್ಟೇ.

ಅಪ್ಪನ ರಿಪೋರ್ಟ್ ಪಾಸಿಟಿವ್ ಬಂತು. ತಲೆ ತಗ್ಗಿಸಿ ಕೂತರು. ಅಮ್ಮ ಮಾತ್ರ ಸೆರಗು ಸರಿಮಾಡಿಕೊಂಡು ಮೊದಲ ಸಲ ಗಟ್ಟಿಯಾಗಿ ಮಾತಾಡಿದರು. ‘ಆರ್ ತಿಂಗ್ಳಿಂದ ನಮ್ ಕಡೆ ಕಾಯ್ಲೆ ಅಂತ ಎಲ್ರೂ ಆಡ್ಕೊಂಡ್ರು. ಈಗ ಏನಂತಾರೆ ನೋಡ್ಮ.’ ಆಮೇಲೆ ಗಂಡನ ಮುಖ ನೋಡಿ ಸುಮ್ಮನಾದರು. ನಾನು ಅಪ್ಪನಿಗೆ ಹೇಳಿದ್ದು ಇಷ್ಟೇ: ಇದು ನೀವು ಆರಿಸಿ ಕೊಟ್ಟದ್ದಲ್ಲ, ನಿಮಗೂ ಯಾರೋ ಕೊಟ್ಟದ್ದು. ಅವರಿಗೆ ಅದು ಸಮಾಧಾನ ಅನ್ನಿಸಲಿಲ್ಲ. ಅನ್ನಿಸಬೇಕಾಗಿಯೂ ಇಲ್ಲ.

ಉಳಿದವರ ಟೆಸ್ಟ್ ಕಬ್ಬಿನ ಬಿಲ್ ಬರೋವರೆಗೆ ಕಾಯಿತು. ಒಂದು ಮನೆಯಲ್ಲಿ ದೋಷ ಯಾವುದು ಅಂತ ಗೊತ್ತಾದ ಮೇಲೆ ಉಳಿದವರಿಗೆ ಆ ಒಂದು ಜಾಗ ಓದಿದರೆ ಸಾಕು, ಇಡೀ ಜೀನ್ ಬೇಡ. ಖರ್ಚು ತುಂಬ ಕಡಿಮೆ. ಆದರೂ ನಾಲ್ಕೈದು ಜನ ಅಂದರೆ ದುಡ್ಡು ದುಡ್ಡೇ.

ನಿಜವಾಗಿ ನನಗೆ ನಿದ್ದೆ ಕೆಡಿಸಿದ್ದು ಗಂಡನ ಟೆಸ್ಟ್. ಅವರ ತಾಯಿಯಲ್ಲಿ ದೋಷ ಇದ್ದದ್ದು ಹೆಚ್ಚುಕಡಿಮೆ ಖಚಿತ. ಹಾಗಾದರೆ ಗಂಡನಿಗೂ ಅರ್ಧಕ್ಕರ್ಧ ಸಾಧ್ಯತೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷ ಇದ್ದರೆ, ಎರಡೂ ಏಟು ಒಂದು ಕೋಶಕ್ಕಲ್ಲ, ಬಸಿರಿನ ಕೂಸಿಗೇ ಹುಟ್ಟಿನಿಂದಲೇ ಬೀಳಬಹುದು. ಬಿಆರ್‌ಸಿಎ1ನ ಎರಡೂ ಪ್ರತಿ ಕೆಟ್ಟ ಭ್ರೂಣ ಹೆಚ್ಚಾಗಿ ಉಳಿಯುವುದೇ ಇಲ್ಲ. 13ನೇ ಕ್ರೋಮೋಸೋಮ್‌ನಲ್ಲಿರುವ ಬಿಆರ್‌ಸಿಎ2 ಆದರೆ ಮಗು ಹುಟ್ಟಬಹುದು, ಆದರೆ ಫ್ಯಾಂಕೋನಿ ಅನೀಮಿಯ ಅನ್ನುವ ಕಾಯಿಲೆ, ಚಿಕ್ಕ ವಯಸ್ಸಿಗೇ ಕ್ಯಾನ್ಸರ್. ಸೋದರಿಕೆ ಮದುವೆ ಹೆಚ್ಚಿರುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ಬರೀ ಪುಸ್ತಕದ ಮಾತು ಅಂತ ಬಿಡೋಕಾಗಲ್ಲ.

ಗಂಡ ಕಡಿಮೆ ಮಾತಿನ ಮನುಷ್ಯ. ರಕ್ತ ಕೊಟ್ಟು ಏಳುವಾಗ ಹತ್ತಿ ಒತ್ತಿಕೊಂಡೇ ಕೇಳಿದರು. ‘ಮೇಡಂ, ನಮಗೆ ನಡುವೆ ಒಂದು ಮಗು ನಿಲ್ಲಲಿಲ್ಲ. ಮೂರು ತಿಂಗಳಿಗೆ ಹೋಯ್ತು. ಅದೂ ಇದಕ್ಕೇನಾ?’

ಗರ್ಭ ಹೋಗೋಕೆ ನೂರು ಕಾರಣ ಇರುತ್ತೆ, ರಿಪೋರ್ಟ್ ಬರಲಿ ಅಂದೆ. ಎರಡು ವಾರ ಅವರು ಆ ಪ್ರಶ್ನೆ ಹೊತ್ತುಕೊಂಡೇ ಓಡಾಡಿರಬೇಕು. ರಿಪೋರ್ಟ್ ನೆಗೆಟಿವ್. ತಾಯಿಯಿಂದ ಅವರಿಗೆ ಒಳ್ಳೆಯ 17 ಬಂದಿತ್ತು. ಫೋನಿನಲ್ಲಿ ಹೇಳಿದೆ, ಅದು ಇದಕ್ಕಲ್ಲ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ಆಯ್ತು ಮೇಡಂ’ ಅಂತ ಇಟ್ಟರು.

ಆಕೆಯ ತಂಗಿಗೆ ಇಲ್ಲ. ತಮ್ಮನಿಗೆ ಇದೆ, 31 ವರ್ಷ, ಒಂದು ವರ್ಷದ ಮಗಳಿದ್ದಾಳೆ. ಅವನ ಜೊತೆ ಮಾತು ಇನ್ನೂ ನಡೆಯುತ್ತಿದೆ.

ಉಳಿದದ್ದು ನಾದಿನಿ, ಗಂಡನ ತಂಗಿ. ಕೊಟ್ಟಿದ್ದು ಕೆ.ಆರ್. ಪೇಟೆ ಕಡೆಗೆ. 37 ವರ್ಷ, ಇಬ್ಬರು ಮಕ್ಕಳು, ಯಾವ ತೊಂದರೆಯೂ ಇಲ್ಲ. ‘ಅತ್ತಿಗೆಗೆ ಕಾಯಿಲೆ ಬಂದರೆ ನನಗ್ಯಾಕೆ ಟೆಸ್ಟ್?’ ಅಂತ ಮೊದಲು ನಕ್ಕಿದ್ದರಂತೆ. ನ್ಯಾಯವಾದ ಪ್ರಶ್ನೆ. ನರ್ಸಿಂಗ್ ಹೋಂನ ಫಾರಂ ಪ್ರಕಾರ ಅವರಿಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲ. ಅತ್ತಿಗೆಯೇ ಬಸ್ಸಿನಲ್ಲಿ ಹೋಗಿ ಕರೆದುಕೊಂಡು ಬಂದರು, ಕೀಮೋ ಮುಗಿದು ತಲೆಕೂದಲು ಇನ್ನೂ ಬೆರಳಷ್ಟು ಬಂದಿದ್ದ ಹೊತ್ತಿನಲ್ಲಿ. ಪಾಸಿಟಿವ್.

ಬಿಆರ್‌ಸಿಎ1 ದೋಷ ಇರುವ ಹೆಂಗಸಿಗೆ 80 ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ 70ರ ಆಸುಪಾಸು, ಅಂಡಾಶಯದ್ದು 40ರ ಆಸುಪಾಸು. ಸ್ತನವನ್ನು ಎಂಆರ್‌ಐ, ಮ್ಯಾಮೋಗ್ರಾಂನಲ್ಲಿ ವರ್ಷಾವರ್ಷ ನೋಡುತ್ತಿರಬಹುದು. ಅಂಡಾಶಯಕ್ಕೆ ನಂಬಬಹುದಾದ ಅಂಥ ಪರೀಕ್ಷೆ ಇಲ್ಲ. ಅದಕ್ಕೇ ಮಕ್ಕಳಾದ ಮೇಲೆ, 35ರಿಂದ 40ರೊಳಗೆ ಅಂಡಾಶಯ ಮತ್ತು ಅಂಡನಾಳ ತೆಗೆಸಿ ಅನ್ನುವ ಸಲಹೆ. ಅವರು ಒಂದು ತಿಂಗಳು ಯೋಚಿಸಿದರು. ಅಮ್ಮ ಹೊಟ್ಟೆ ಊದಿ ಮಲಗಿದ್ದಾಗ ಆರೈಕೆ ಮಾಡಿದವರು ಅವರೇ. ಒಪ್ಪಿದರು.

ತೆಗೆದ ನಾಳಗಳನ್ನು ನಮ್ಮ ಪೆಥಾಲಜಿ ಡಾಕ್ಟರ್ ಎರಡು ಮೂರು ಮಿಲಿಮೀಟರಿಗೊಂದು ಹಾಗೆ ಸೀಳಿ, ಪೂರ್ತಿ ನೋಡಿದರು. ಇಂಥ ಕ್ಯಾನ್ಸರ್ ಎಷ್ಟೋ ಸಲ ನಾಳದ ತುದಿಯಲ್ಲೇ ಶುರುವಾಗುತ್ತೆ, ಸಾಮಾನ್ಯ ಪರೀಕ್ಷೆಯಲ್ಲಿ ತಪ್ಪಿಹೋಗುತ್ತೆ. ಏನೂ ಇರಲಿಲ್ಲ.

ಮದ್ದೂರಿನ ಆಕೆಗೆ ಮಗಳು 14, ಮಗ 10. ಈಗಲೇ ಟೆಸ್ಟ್ ಮಾಡಿಬಿಡಿ ಅಂತ ಅಜ್ಜ ತುಂಬ ಹಟ ಹಿಡಿದರು. ಬೇಡ ಅಂದೆ. ಈ ವಯಸ್ಸಿನಲ್ಲಿ ಗೊತ್ತಾದರೂ ಮಾಡುವಂಥದ್ದು ಏನಿಲ್ಲ, ಸ್ತನದ ಎಂಆರ್‌ಐ ಶುರುವಾಗುವುದೇ 25ಕ್ಕೆ. 18 ತುಂಬಲಿ, ತಾವೇ ಬಂದು ಕೇಳಲಿ, ಬೇಡ ಅನ್ನಿಸಿದರೆ ಬೇಡ.

ವಂಶವೃಕ್ಷದ ಹಾಳೆ ನನ್ನ ಬೀರುವಿನಲ್ಲಿದೆ. ಗಂಡ ಹೆಂಡತಿಯ ನಡುವೆ ಜೋಡಿ ಗೀಟು ಎಳೆದಿದ್ದೇನೆ, ಸೋದರಿಕೆ ಮದುವೆಗೆ ನಾವು ಹಾಕುವ ಗುರುತು. ಅದರ ಕೆಳಗೆ ಒಂದು ಖಾಲಿ ಸೊನ್ನೆ, ಒಂದು ಖಾಲಿ ಚೌಕ. ಸೊನ್ನೆಯ ಪಕ್ಕ ಪೆನ್ಸಿಲಿನಲ್ಲಿ ಹುಡುಗಿಗೆ 18 ತುಂಬುವ ತಿಂಗಳು ಬರೆದಿಟ್ಟಿದ್ದೇನೆ.